ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಗ್ಲೋಬು, ದಾರ ಮತ್ತೆ ಒಂದು ಏಕಾದಶಿ

ಈ ಗ್ಲೋಬ್ ಹಳೇದು, ರಷ್ಯಾ ಇರಬೇಕಾದ ಜಾಗದಲ್ಲಿ ಇನ್ನೂ ಸೋವಿಯತ್ ಒಕ್ಕೂಟ ಅಂತಿದೆ, ನಾನು ಮೇಷ್ಟ್ರಾಗಿದ್ದಾಗ ಭೂಗೋಳದ ಕ್ಲಾಸಿಗೆ ಅಂತ ನನ್ನ ದುಡ್ಡಲ್ಲೇ ಕೊಂಡಿದ್ದು. ದಾರ ಮಾತ್ರ ಹೊಸದು, ಬೆಳಿಗ್ಗೆ ಹೂ ಮಾರೋ ಅಮ್ಮನ ಹತ್ರ ಎರಡು ಮೊಳ ಇಸ್ಕೊಂಡು ಬಂದೆ. ಈ ಭಾಷಣ ಇಟ್ಟವರು ಪ್ರೊಜೆಕ್ಟರ್ ಇದೆ ಸಾರ್ ಅಂದ್ರು, ಬೇಡ ಅಂದೆ. ಪರದೆ ಮೇಲೆ ಹಾಕಿದ ತಕ್ಷಣ ಭೂಮಿ ಚಪ್ಪಟೆ ಆಗಿಬಿಡುತ್ತೆ, ಇವತ್ತು ನಾವು ಮಾತಾಡೋ ಗೊಂದಲ ಎಲ್ಲಾ ಶುರುವಾಗೋದೇ ಅಲ್ಲಿಂದ.

ಮಕ್ಕಳೋ ಮೊಮ್ಮಕ್ಕಳೋ ಕ್ಯಾಲಿಫೋರ್ನಿಯಾದಲ್ಲಿ ಇರೋರು ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿನೇ ಇದ್ದೀರಿ. ಹಾಗಾದ್ರೆ ನಿಮಗೆ ಈ ಪ್ರಶ್ನೆ ಯಾರಾದ್ರೂ ಕೇಳೇ ಕೇಳಿರ್ತಾರೆ, ಊರಿಂದ ಬಂದ ಚಿಕ್ಕಪ್ಪನೋ ಪಕ್ಕದ್ಮನೆಯವರೋ, ಎಷ್ಟು ದೂರ ಆಗುತ್ತೆ ಅದು, ಎಷ್ಟು ಹೊತ್ತು ಬೇಕು ಅಂತ. ನೀವು ಏನೋ ಒಂದು ನಂಬರ್ ಹೇಳಿರ್ತೀರಿ. ಆ ನಂಬರ್ ಬಗ್ಗೆನೇ ನನ್ನ ತಕರಾರು.

2021ನೇ ಇಸವಿ ಜನವರಿ ನೆನಪು ಮಾಡ್ಕೊಳ್ಳಿ. 9ನೇ ತಾರೀಖು ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಒಂದು ವಿಮಾನ ಹೊರಟು ಎಲ್ಲೂ ನಿಲ್ಲದೆ 11ನೇ ತಾರೀಖು ಬೆಳಗಿನ ಜಾವ ನಮ್ಮ ದೇವನಹಳ್ಳಿಗೆ ಬಂದು ಇಳೀತು. ಆ ಎರಡು ಊರಿನ ಮಧ್ಯೆ ಅದೇ ಮೊದಲನೇ ನೇರ ಫ್ಲೈಟು. ಕಾಕ್‌ಪಿಟ್‌ನಲ್ಲಿ ಇದ್ದ ನಾಲ್ಕೂ ಜನ ಹೆಣ್ಮಕ್ಕಳು, ಜೋಯಾ ಅಗರ್ವಾಲ್, ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನವಣೆ, ಶಿವಾನಿ ಮನ್ಹಾಸ್, ಉತ್ತರ ಧ್ರುವದ ದಾರಿಯಲ್ಲಿ ತಂದ್ರು. ಪೇಪರಲ್ಲೆಲ್ಲಾ ಬಂತು. ನಾನು ಕತ್ತರಿಸಿ ಇಟ್ಕೊಳ್ಳೋ ಚಟದವನು, ನೋಡ್ತೀನಿ, ಒಂದು ಕಡೆ ದೂರ ಸುಮಾರು 14 ಸಾವಿರ ಕಿಲೋಮೀಟರ್ ಅಂತಿದೆ, ಇನ್ನೊಂದು ಕಡೆ 16 ಸಾವಿರ. ಎರಡು ಸಾವಿರ ಕಿಲೋಮೀಟರ್ ವ್ಯತ್ಯಾಸ, ಅಂದ್ರೆ ಬೆಂಗಳೂರಿಂದ ದೆಹಲಿಗೆ ರಸ್ತೇಲಿ ಹೋದಷ್ಟು. ಯಾರೋ ಒಬ್ಬರು ತಪ್ಪು ಬರ್ದಿದಾರೆ ಅಂತ ಅಂದ್ಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದ್ರೆ ಎರಡೂ ಸರಿನೇ.

ಈಗ ಈ ದಾರ ನೋಡಿ. ಒಂದು ತುದಿ ಬೆಂಗಳೂರ ಮೇಲೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡೀತೀನಿ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೀತೀನಿ. ಬಿಗಿ ಆದಷ್ಟೂ ದಾರ ತಾನಾಗೇ ಜಾರಿ ಅತಿ ಹತ್ತಿರದ ದಾರಿ ಹಿಡಿಯುತ್ತೆ, ನಾವೇನೂ ಹೇಳಿಕೊಡಬೇಕಾಗಿಲ್ಲ. ಎಲ್ಲಿಗೆ ಹೋಯ್ತು ನೋಡಿ. ಎಡಕ್ಕೆ ಅರೇಬಿಯಾ ಆಫ್ರಿಕಾ ಕಡೆ ಹೋಗ್ಲಿಲ್ಲ. ಬೆಂಗಳೂರಿಂದ ಉತ್ತರಕ್ಕೆ ಮುಖ ಮಾಡಿ ನಿಂತು ಬಲಕ್ಕೆ ಒಂದು 20 ಡಿಗ್ರಿ ತಿರುಗಿದ್ರೆ ಆ ದಿಕ್ಕು. ಛತ್ತೀಸಗಡದ ಅಂಚು, ಲುಂಬಿನಿ ಹತ್ರ ನೇಪಾಳ, ಟಿಬೆಟ್, ಮಂಗೋಲಿಯಾ, ಬೈಕಲ್ ಸರೋವರದ ಪಶ್ಚಿಮ ಪಕ್ಕ, ಸೈಬೀರಿಯಾ ಪೂರ್ತಿ ದಾಟಿ ಉತ್ತರದ ಹಿಮದ ಸಮುದ್ರದ ದಡ, ಅಲ್ಲಿಂದ ಅಲಾಸ್ಕಾ, ಕೆನಡಾದ ಕರಾವಳಿ ಪಕ್ಕದಲ್ಲಿ ಇಳ್ಕೊಂಡು ಸ್ಯಾನ್ ಫ್ರಾನ್ಸಿಸ್ಕೋ. ಈ ದಾರದ ಉದ್ದ ಸುಮಾರು 13,990 ಕಿಲೋಮೀಟರ್. ಭೂಮಿ ಮೇಲೆ ಯಾವ ಎರಡು ಜಾಗ ತಗೊಂಡ್ರೂ ಮಧ್ಯೆ 20 ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ ಇರೋಕೆ ಸಾಧ್ಯನೇ ಇಲ್ಲ, ಸುತ್ತಳತೆ 40 ಸಾವಿರ ಅಲ್ವಾ, ಅದರ ಅರ್ಧ. ಅಂದ್ರೆ ನಿಮ್ಮ ಮಕ್ಕಳು ಭೂಮಿ ಮೇಲೆ ಹೋಗಬಹುದಾದ ದೂರದಲ್ಲಿ ಹತ್ತಕ್ಕೆ ಏಳು ಭಾಗ ಹೋಗಿ ಕೂತಿದಾರೆ. ಇನ್ನೂ ಮೂರು ಭಾಗ ಬಾಕಿ ಇತ್ತು, ಸಮಾಧಾನ ಮಾಡ್ಕೊಳ್ಳಿ.

ಇಲ್ಲೊಂದು ಮಾತು. ನಾವು ಅಮೆರಿಕಾನ ಪಾಶ್ಚಾತ್ಯ ದೇಶ ಅಂತೀವಿ. ಸ್ಕೂಲ್ ಗೋಡೆ ಮೇಲಿನ ಮ್ಯಾಪಲ್ಲಿ ಅಮೆರಿಕಾ ಎಡಗಡೆ, ನಾವು ಬಲಗಡೆ. ಆದರೆ ರೇಖಾಂಶ ಎಣಿಸಿ ನೋಡಿ, ಬೆಂಗಳೂರಿಂದ ಪಶ್ಚಿಮಕ್ಕೆ ಹೋದ್ರೆ ಸ್ಯಾನ್ ಫ್ರಾನ್ಸಿಸ್ಕೋಗೆ 200 ಡಿಗ್ರಿ, ಪೂರ್ವಕ್ಕೆ ಹೋದ್ರೆ 160. ನ್ಯೂಯಾರ್ಕ್ ನಮಗೆ ಪಶ್ಚಿಮ, ಒಪ್ಪೋಣ, ಕ್ಯಾಲಿಫೋರ್ನಿಯಾ ಮಾತ್ರ ಪೂರ್ವ. ಮೂವತ್ತು ವರ್ಷ ನಾನೂ ಆ ಗೋಡೆ ಮ್ಯಾಪನ್ನೇ ಕೋಲಲ್ಲಿ ತೋರಿಸಿ ಪಾಠ ಮಾಡಿದೀನಿ, ಹಾಗಾಗಿ ಯಾರನ್ನೂ ಬಯ್ಯೋ ಹಕ್ಕು ನನಗಿಲ್ಲ.

ಸರಿ, ದಾರದ ದಾರಿ ಇಷ್ಟು ಚೆನ್ನಾಗಿದ್ದ ಮೇಲೆ ವಿಮಾನ ಅದರ ಮೇಲೇ ಯಾಕೆ ಹೋಗಬಾರದು? ಮೊದಲನೇ ಅಡ್ಡಿ ಟಿಬೆಟ್. ವಿಮಾನ ಹಾರೋದು 35 ಸಾವಿರ ಅಡಿ ಮೇಲೆ, ಹಿಮಾಲಯಕ್ಕಿಂತ ಎಷ್ಟೋ ಎತ್ತರ, ಡಿಕ್ಕಿ ಹೊಡೆಯೋ ಭಯ ಏನಿಲ್ಲ. ಭಯ ಬೇರೆ. ಯಾವ ಕಾರಣಕ್ಕೋ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಹೋಯ್ತು ಅನ್ನಿ, ಮೇಲಿಂದ ಮಾಸ್ಕ್ ಬೀಳುತ್ತಲ್ಲ, ಅದರಲ್ಲಿ ಬರೋ ಆಕ್ಸಿಜನ್ ಸಾಮಾನ್ಯವಾಗಿ 12–15 ನಿಮಿಷಕ್ಕೆ ಆಗುವಷ್ಟು ಮಾತ್ರ. ಅಷ್ಟರೊಳಗೆ ಪೈಲಟ್ 10 ಸಾವಿರ ಅಡಿಗೆ ಇಳಿಸಬೇಕು, ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್ಟಿನ ನೆಲದ ಸರಾಸರಿ ಎತ್ತರವೇ 14 ಸಾವಿರ ಅಡಿ ಮೇಲಿದೆ, ಇಳಿಯೋದೆಲ್ಲಿಗೆ? ಅದಕ್ಕೇ ಅಲ್ಲಿ ವಿಮಾನದ ದಾರಿಗಳು ತೀರಾ ಕಮ್ಮಿ, ಹೆಚ್ಚಿನವು ಸುತ್ತು ಹಾಕ್ಕೊಂಡೇ ಹೋಗೋದು.

ಎರಡನೇ ಅಡ್ಡಿ, ಈ ಗ್ಲೋಬಲ್ಲಿ ಇನ್ನೂ ಕೆಂಪು ಬಣ್ಣ ಹಚ್ಕೊಂಡು ಕೂತಿದೆ. ಸೋವಿಯತ್ ಕಾಲದಲ್ಲಿ ಯುರೋಪಿನ ವಿಮಾನಗಳಿಗೆ ಸೈಬೀರಿಯಾ ಮೇಲೆ ಹಾರೋದು ಅಷ್ಟು ಸುಲಭ ಇರ್ಲಿಲ್ಲ, ಲಂಡನ್ನಿಂದಲೋ ಪ್ಯಾರಿಸ್ಸಿಂದಲೋ ಟೋಕಿಯೋಗೆ ಹೋಗೋರು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸ್ಕೊಂಡು ಹೋಗ್ತಿದ್ರು. ಒಕ್ಕೂಟ ಹೋಯ್ತು, ಆಕಾಶ ತೆರೀತು, ಆಂಕರೇಜ್ ಏರ್‌ಪೋರ್ಟಲ್ಲಿ ಪ್ಯಾಸೆಂಜರ್ ಗಲಾಟೆ ಕಮ್ಮಿ ಆಯ್ತು. ಆಮೇಲೆ 2022ರಲ್ಲಿ ಉಕ್ರೇನ್ ಯುದ್ಧ, ರಷ್ಯಾ ಪಶ್ಚಿಮದ ದೇಶಗಳ ವಿಮಾನಕ್ಕೆ ಮತ್ತೆ ಬಾಗಿಲು ಹಾಕ್ತು, ಅವರೂ ಇವರಿಗೆ ಹಾಕಿದ್ರು. ಫಿನ್‌ಲ್ಯಾಂಡಿನ ಫಿನ್‌ಏರ್ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಗಂಟೆ ಚಿಲ್ಲರೆಯಲ್ಲಿ ಹೋಗ್ತಿತ್ತು, ಈಗ ಸುಮಾರು 13 ಗಂಟೆ, ಧ್ರುವದ ಮೇಲೆ ಸುತ್ತಿ. ಹೆಲ್ಸಿಂಕಿ ಅಲ್ಲೇ ಇದೆ, ಟೋಕಿಯೋನೂ ಅಲ್ಲೇ ಇದೆ, ಮಧ್ಯದ ದೂರ ಬೆಳೆದುಬಿಡ್ತು! ಭಾರತದ ವಿಮಾನಗಳಿಗೆ ರಷ್ಯಾ ತಡೆ ಹಾಕ್ಲಿಲ್ಲ. ಅದಕ್ಕೇ 2023ರ ಜೂನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನಕ್ಕೆ ಎಂಜಿನ್ ತೊಂದರೆ ಬಂದಾಗ ಅದು ಹೋಗಿ ಇಳಿದದ್ದು ರಷ್ಯಾದ ದೂರದ ಪೂರ್ವ ಮೂಲೆಯ ಮಗದಾನ್ ಅನ್ನೋ ಊರಲ್ಲಿ. 216 ಜನ ಪ್ರಯಾಣಿಕರು ಆ ಸಣ್ಣ ಊರಲ್ಲಿ ಉಳ್ಕೊಂಡ್ರು, ಬೇರೆ ವಿಮಾನ ಕಳಿಸಿ ಕರ್ಕೊಂಡು ಹೋದ್ರು. ಆವತ್ತು ರಾತ್ರಿ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಮಗದಾನ್ ಎಲ್ಲಿದೆ ಸಾರ್ ಅಂತ ನನ್ನ ಕೇಳಿದ್ದೇ ಕೇಳಿದ್ದು, ರಿಟೈರ್ ಆದ್ಮೇಲೆ ಅಷ್ಟು ಬೇಡಿಕೆ ನನಗೆ ಯಾವತ್ತೂ ಬಂದಿಲ್ಲ. ನಮ್ಮ ಪಕ್ಕದ್ದೇ ಹೇಳಬೇಕಂದ್ರೆ ಪಾಕಿಸ್ತಾನ, 2019ರಲ್ಲಿ ಕೆಲವು ತಿಂಗಳು, ಆಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ, ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿತು. ಅದರ ಪೆಟ್ಟು ದೆಹಲಿಯವರಿಗೆ ಜಾಸ್ತಿ.

ಈಗ ಗಾಳಿ. ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಆದ್ರೆ ತಡ್ಕೊಳ್ಳಿ.

ಚಿತ್ರದುರ್ಗದ ಕಡೆ ಬಸ್ಸಲ್ಲಿ ಹೋದವರಿಗೆ ಗುಡ್ಡದ ಮೇಲಿನ ಗಾಳಿ ಗಿರಣಿ ಸಾಲು ಗೊತ್ತಿರುತ್ತೆ. ನಾನು ಮೊದಲು ಕೆಲಸಕ್ಕೆ ಸೇರಿದ್ದು ಆ ಕಡೆ ಒಂದು ಹಳ್ಳಿಗೆ, ಆಗ ಗಿರಣಿ ಇರ್ಲಿಲ್ಲ, ಗಾಳಿ ಇತ್ತು. ಆಷಾಢದಲ್ಲಿ ಸೈಕಲ್ ಹತ್ತಿ ಸ್ಕೂಲಿಗೆ ಹೋಗೋವಾಗ ಗಾಳಿ ಬೆನ್ನ ಹಿಂದೆ, ಪೆಡಲ್ ತುಳಿಯೋದೇ ಬೇಡ, ಪಂಚೆ ಹಾರಿ ಮುಂದೆ ಹೋಗ್ತಿತ್ತು. ಸಂಜೆ ವಾಪಸ್ ಬರೋವಾಗ ಅದೇ ಗಾಳಿ ಎದೆಗೆ, ಇಳಿಜಾರಲ್ಲೂ ತುಳೀಬೇಕು. ರಸ್ತೆ ಒಂದೇ, ಸೈಕಲ್ ಒಂದೇ, ಹೋಗೋಕೆ ಇಪ್ಪತ್ತು ನಿಮಿಷ, ಬರೋಕೆ ನಲವತ್ತು. ವಿಮಾನಕ್ಕೂ ಹೀಗೇನೇ. ಸುಮಾರು 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿ ಹರಿದ ಹಾಗೆ ಗಾಳಿ ಹರೀತಾ ಇರುತ್ತೆ, ಜೆಟ್ ಸ್ಟ್ರೀಮ್ ಅಂತಾರೆ, ಚಳಿಗಾಲದಲ್ಲಿ ಜಪಾನ್ ಹತ್ರ ಗಂಟೆಗೆ 300 ಕಿಲೋಮೀಟರ್ ದಾಟೋದೂ ಉಂಟು.

ಇದನ್ನ ಸರಿಯಾಗಿ ಅಳೆದ ಮೊದಲಿಗರಲ್ಲಿ ಒಬ್ಬರು ಜಪಾನಿನ ವಾಸಾಬುರೋ ಓಯಿಶಿ. 1920ರ ದಶಕದಲ್ಲಿ ತಾತೆನೋ ಅನ್ನೋ ಊರಿನ ವೀಕ್ಷಣಾಲಯದಿಂದ ಬಲೂನ್ ಬಿಟ್ಟು ಬಿಟ್ಟು ನೋಡಿದ್ರು, ಮೇಲೆ ಹೋದ ಬಲೂನು ಹುಚ್ಚು ವೇಗದಲ್ಲಿ ಪೂರ್ವಕ್ಕೆ ಓಡುತ್ತೆ. ದೊಡ್ಡ ವಿಷಯ ಅಲ್ವಾ, ಜಗತ್ತಿಗೆ ಹೇಳಬೇಕು ಅಂತ ಆ ಮಹಾನುಭಾವ ವರದಿ ಬರೆದ್ರು, 1926ರಲ್ಲಿ, ಯಾವ ಭಾಷೆಯಲ್ಲಿ ಅಂದ್ಕೊಂಡ್ರಿ? ಎಸ್ಪೆರಾಂಟೋದಲ್ಲಿ! ಪ್ರಪಂಚದೋರಿಗೆಲ್ಲಾ ಅರ್ಥ ಆಗ್ಲಿ ಅಂತ ಹುಟ್ಟಿಸಿದ ಭಾಷೆ, ಯಾರೂ ಓದ್ಲಿಲ್ಲ. ಜಪಾನ್ ಹೊರಗೆ ಅದು ಯಾರ ಗಮನಕ್ಕೂ ಬರ್ಲಿಲ್ಲ ಅಂತಲೇ ಹೇಳಬೇಕು. ಕೊನೆಗೆ 1944ರಲ್ಲಿ ಅಮೆರಿಕಾದ ಬಿ-29 ಬಾಂಬರ್‌ಗಳು ಜಪಾನ್ ಮೇಲೆ ಎತ್ತರದಲ್ಲಿ ಹಾರೋಕೆ ಹೋಗಿ ಈ ಗಾಳಿಗೆ ಸಿಕ್ಕಿ, ಗುರಿ ಎಲ್ಲೋ ಬಾಂಬ್ ಎಲ್ಲೋ ಆದಾಗ ಎಲ್ಲರಿಗೂ ತಿಳೀತು.

ಲೆಕ್ಕ ಮಾಡಿ. ವಿಮಾನದ ಸ್ವಂತ ವೇಗ ಗಂಟೆಗೆ 900 ಅನ್ನೋಣ, ದೂರ 14 ಸಾವಿರ. ದಾರಿಯುದ್ದಕ್ಕೂ ಸರಾಸರಿ 60 ಕಿಲೋಮೀಟರ್ ಗಾಳಿ ಹಿಂದಿನಿಂದ ತಳ್ಳಿದ್ರೆ ಹದಿನಾಲ್ಕೂವರೆ ಗಂಟೆ ಸುಮಾರಿಗೆ ಮುಗೀತು, ಅದೇ 60 ಎದುರಿಗೆ ಬಂದ್ರೆ ಹದಿನಾರೂ ಮುಕ್ಕಾಲು. ಹತ್ತಿರ ಹತ್ತಿರ ಎರಡು ಗಂಟೆ ವ್ಯತ್ಯಾಸ, ಬರೀ ಗಾಳಿಗೆ. ಹಾಗಾಗಿ ರೂಟ್ ಹಾಕೋರು ಪ್ರತಿ ದಿನ ಆವತ್ತಿನ ಗಾಳಿ ನೋಡಿ ಹಾಕ್ತಾರೆ, ದಾರದ ದಾರಿಗಿಂತ ಸಾವಿರ ಕಿಲೋಮೀಟರ್ ಸುತ್ತಾದ್ರೂ ಪರವಾಗಿಲ್ಲ, ಗಾಳಿ ಸಿಕ್ಕಿದ್ರೆ ಬೇಗ ಮುಟ್ಟುತ್ತೆ, ಎಣ್ಣೆನೂ ಉಳಿಯುತ್ತೆ. ಬೆಂಗಳೂರಿಂದ ಹೋಗೋವಾಗ ಬಂಗಾಳ ಕೊಲ್ಲಿ, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ದಾಟಿದ್ರೆ ಗಾಳಿ ಬೆನ್ನಿಗೆ. ವಾಪಸ್ ಅದೇ ದಾರಿಯಲ್ಲಿ ಬಂದ್ರೆ ನನ್ನ ಸಂಜೆ ಸೈಕಲ್ ಕಥೆ, ಅದಕ್ಕೆ ಆ ಮೊದಲನೇ ಫ್ಲೈಟು ಮೇಲಕ್ಕೆ ಏರಿ ಧ್ರುವದ ಪಕ್ಕದಿಂದ ಹಾದು ಅಟ್ಲಾಂಟಿಕ್ ಕಡೆಯಿಂದ ಇಳ್ಕೊಂಡು ಬಂತು. ಈಗ ಪೇಪರಿನ ಜಗಳ ಬಗೆಹರೀತಲ್ಲ. 14 ಸಾವಿರ ಅನ್ನೋದು ದಾರದ ಅಳತೆ, 16 ಸಾವಿರ ಅನ್ನೋದು ವಿಮಾನ ತುಳಿದ ದಾರಿ.

ಇನ್ನೊಂದು ತಮಾಷೆ ಗಮನಿಸಿದ್ರಾ? ಪೆಸಿಫಿಕ್ ಕಡೆಯಿಂದ ಹೋಗಿ ಅಟ್ಲಾಂಟಿಕ್ ಕಡೆಯಿಂದ ಬಂದ್ರೆ ಭೂಮಿಗೆ ಒಂದು ಸುತ್ತು ಹಾಕಿದಂಗೆ ಆಯ್ತು. ಮಗಳ ಬಾಣಂತನಕ್ಕೆ ಹೋಗಿ ಬಂದ ಅಜ್ಜಿ ಭೂ ಪ್ರದಕ್ಷಿಣೆ ಮಾಡಿ ಬಂದಿರ್ತಾರೆ, ಅವರಿಗೇ ಗೊತ್ತಿರಲ್ಲ. ಶಾಸ್ತ್ರದವರು ಇದ್ರೆ ತಕರಾರು ತೆಗೀಬಹುದು, ಪೂರ್ವಕ್ಕೇ ಹೋಗ್ತಾ ಇದ್ರೆ ಉತ್ತರ ಧ್ರುವ ಎಡಗೈ ಕಡೆಗೆ ಬರುತ್ತೆ, ಅದು ಅಪ್ರದಕ್ಷಿಣೆ.

ಎಣ್ಣೆ ವಿಷಯ ಬಂತಲ್ಲ, ಬೇಗ ಮುಗಿಸ್ತೀನಿ. ಆ ದಾರಿಗೆ ಹಾಕಿದ್ದು ಬೋಯಿಂಗ್ 777-200ಎಲ್‌ಆರ್. ಅದರ ಟ್ಯಾಂಕಿಗೆ 1,81,000 ಲೀಟರ್ ಹಿಡಿಯುತ್ತೆ. 2005ರ ನವೆಂಬರ್‌ನಲ್ಲಿ ಇದೇ ಮಾದರಿಯ ವಿಮಾನ ಹಾಂಗ್‌ಕಾಂಗಿಂದ ಲಂಡನ್ನಿಗೆ ಬೇಕಂತಲೇ ಉಲ್ಟಾ ದಿಕ್ಕಲ್ಲಿ, ಪೆಸಿಫಿಕ್ ಅಮೆರಿಕಾ ಅಟ್ಲಾಂಟಿಕ್ ಎಲ್ಲಾ ದಾಟಿ 21,602 ಕಿಲೋಮೀಟರ್ ಹಾರಿ ದಾಖಲೆ ಮಾಡಿತ್ತು, 22 ಗಂಟೆ 42 ನಿಮಿಷ. ಕಷ್ಟ ಏನಪ್ಪಾ ಅಂದ್ರೆ ಎಣ್ಣೆಗೂ ತೂಕ ಇದೆ, ಕೊನೇ ಗಂಟೆಗೆ ಬೇಕಾದ ಎಣ್ಣೆನ ಮೊದಲನೇ ಗಂಟೆಯಿಂದ ಹೊತ್ಕೊಂಡು ಹೋಗೋಕೆ ಇನ್ನಷ್ಟು ಎಣ್ಣೆ ಸುಡಬೇಕು. ಅದರ ಮೇಲೆ ನಮ್ಮ ಬೆಂಗಳೂರಿನ ಎತ್ತರ. ಇಲ್ಲಿ ತಂಪು ಅಂತ ನಾವು ಹೆಮ್ಮೆ ಪಡ್ತೀವಿ, ಪೈಲಟ್‌ಗೆ ಅದು ಸುಮಾರು 3,000 ಅಡಿ ಎತ್ತರದ ತೆಳು ಗಾಳಿ, ರೆಕ್ಕೆಗೆ ಹಿಡಿತ ಕಮ್ಮಿ, ಎಂಜಿನ್ನಿಗೂ ಕಮ್ಮಿ, ಭರ್ತಿ ತೂಕದಲ್ಲಿ ಮೇಲೇಳೋಕೆ ಹೆಚ್ಚು ಓಡಬೇಕು. ನಮ್ಮ ಎರಡೂ ರನ್‌ವೇ 4,000 ಮೀಟರ್ ಇರೋದು ಸುಮ್ನೆ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ಸಮುದ್ರದ ಮಟ್ಟದಲ್ಲೇ ಇದೆ, ಅಲ್ಲಿ ಈ ರಗಳೆ ಇಲ್ಲ.

ಈಗ ನಿಮ್ಮ ಟಿಕೆಟ್ಟಿಗೆ ಬರೋಣ. ಟಿಕೆಟ್ ಮೇಲೆ 16 ಗಂಟೆ ಅಂತಿದ್ರೆ ಅದು ಹಾರೋ ಹೊತ್ತು ಅಲ್ಲ, ಇಲ್ಲಿ ಗೇಟ್ ಬಿಟ್ಟಾಗಿಂದ ಅಲ್ಲಿ ಗೇಟ್ ಸೇರೋವರೆಗೆ, ನೆಲದ ಮೇಲೆ ಕ್ಯೂನಲ್ಲಿ ತೆವಳೋದೂ ಸೇರಿ. ಅದಕ್ಕೇ ಕೆಲವು ಸಲ ಅರ್ಧ ಗಂಟೆ ತಡವಾಗಿ ಹೊರಟ್ರೂ ಸರಿಯಾದ ಟೈಮಿಗೆ ಮುಟ್ಟಿದ್ವಿ ಅಂತ ಅನೌನ್ಸ್ ಮಾಡ್ತಾರೆ, ಕಂಪನಿಯವರು ಮೊದಲೇ ಸ್ವಲ್ಪ ಸಡಿಲ ಇಟ್ಟಿರ್ತಾರೆ.

ಮಧ್ಯೆ ಒಂದು ಕಡೆ ಇಳಿದು ಹತ್ತೋ ಟಿಕೆಟ್ಟು ತಗೊಂಡ್ರೆ? ದುಬೈ ಮೇಲೆ ಹೋದ್ರೆ ದಾರದ ಲೆಕ್ಕದಲ್ಲಿ ಇಲ್ಲಿಂದ ದುಬೈ 2,700, ದುಬೈಯಿಂದ ಅಲ್ಲಿಗೆ 13,000, ಒಟ್ಟು 15,700. ಫ್ರಾಂಕ್‌ಫರ್ಟ್ ಮೇಲಾದ್ರೆ 7,400 ಜೊತೆಗೆ 9,150, ಒಟ್ಟು 16,550. ನೇರಕ್ಕಿಂತ ದುಬೈ ದಾರಿ ಹೆಚ್ಚಾಗಿದ್ದು 1,700 ಕಿಲೋಮೀಟರ್, ಹಾರಾಟದಲ್ಲಿ ಎರಡು ಗಂಟೆ. ಆದರೆ ಮನೆಗೆ ಮುಟ್ಟೋದು ಐದಾರು ಗಂಟೆ ತಡ, ಕೆಲವು ಸಲ ಹತ್ತು. ಆ ಹೊತ್ತೆಲ್ಲಾ ಹೋಗೋದು ಏರ್‌ಪೋರ್ಟಿನ ಕುರ್ಚಿ ಮೇಲೆ. ನನಗೇ ಒಂದು ಸಲ ನಡುವಿನ ಒಂದು ದೊಡ್ಡ ಏರ್‌ಪೋರ್ಟಲ್ಲಿ, ಹೆಸರು ಬೇಡ, ಮೊದಲ ವಿಮಾನ ಐವತ್ತು ನಿಮಿಷ ತಡ ಆಗಿ ಎರಡನೇದು ಕಣ್ಣೆದುರಿಗೇ ಹೋಯ್ತು, ಹನ್ನೊಂದು ಗಂಟೆ ಕೂತಿದ್ದೆ. ಐವತ್ತು ನಿಮಿಷಕ್ಕೆ ಹನ್ನೊಂದು ಗಂಟೆ ದಂಡ!

ವೀಲ್‌ಚೇರ್ ವಿಷಯನೂ ಹೇಳಿಬಿಡ್ತೀನಿ, ನಗ್ತಾ ಇದ್ದೀರಿ ನೀವು. ದಿನಾ ಪಾರ್ಕಲ್ಲಿ ಆರು ಸುತ್ತು ಹಾಕೋರು ಏರ್‌ಪೋರ್ಟಲ್ಲಿ ವೀಲ್‌ಚೇರ್ ಕೇಳೋದು ಕಾಲಿಗೋಸ್ಕರ ಅಲ್ಲ ಅಂತ ನಮಗೆಲ್ಲಾ ಗೊತ್ತು. ತಳ್ಳೋ ಹುಡುಗ ಗೇಟ್ ತೋರಿಸ್ತಾನೆ, ಇಮಿಗ್ರೇಷನ್ ಕ್ಯೂ ದಾಟಿಸ್ತಾನೆ, ಇಂಗ್ಲಿಷಲ್ಲಿ ಅವನೇ ಮಾತಾಡ್ತಾನೆ. ಒಬ್ಬರೇ ಹೋಗೋ ಅಮ್ಮಂದಿರನ್ನ ನಾನು ಬಯ್ಯಲ್ಲ. ಇಬ್ಬರು ಹೋಗಿ ಇಬ್ಬರೂ ಕೂತ್ಕೊಂಡು, ನಿಜವಾಗ್ಲೂ ಮಂಡಿ ನೋವು ಇರೋರಿಗೆ ಕುರ್ಚಿ ಸಿಗದಂಗೆ ಮಾಡ್ತಾರಲ್ಲ, ಅದು ಸರಿಯಲ್ಲ.

ಇನ್ನು ಜಯನಗರದಿಂದ ದೇವನಹಳ್ಳಿ, 40 ಕಿಲೋಮೀಟರ್. ಆ ದೂರ ವಿಮಾನಕ್ಕೆ ಮೂರು ನಿಮಿಷವೂ ಇಲ್ಲ, ಸಂಜೆ ಹೊತ್ತಲ್ಲಿ ಹೆಬ್ಬಾಳ ದಾಟಿ ನಾವು ಹೋಗೋಕೆ ಎರಡು ಗಂಟೆ. ಅದಕ್ಕೆ ಮೂರು ಗಂಟೆ ಮುಂಚೆ ಇರಬೇಕು ಅನ್ನೋ ನಿಯಮ, ಆ ಕಡೆ ಇಮಿಗ್ರೇಷನ್ನು, ಲಗೇಜು, ಉಪ್ಪಿನಕಾಯಿ ಬಾಟ್ಲು ಬಿಚ್ಚಿ ತೋರಿಸೋದು. ಟಿಕೆಟ್ ಮೇಲಿನ 16 ಗಂಟೆ ಮನೆ ಬಾಗಿಲಿಂದ ಮನೆ ಬಾಗಿಲಿಗೆ ಸುಲಭವಾಗಿ 24 ಆಗುತ್ತೆ. ಚಿಕ್ಕಪ್ಪ ಕೇಳಿದ್ರೆ ಆ 24 ಹೇಳಿ.

ಕೊನೇದಾಗಿ ಗಡಿಯಾರ. ನಮ್ಮ ಟೈಮು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ, ಒಟ್ಟು ಹದಿಮೂರೂವರೆ. ಅವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ, ಅಷ್ಟು ದಿನ ಹನ್ನೆರಡೂವರೆ. ಆ ಮೊದಲ ಫ್ಲೈಟನ್ನೇ ತಗೊಳ್ಳಿ, 9ರ ರಾತ್ರಿ ಎಂಟೂವರೆ ಅಂದ್ರೆ ನಮಗಾಗ 10ರ ಬೆಳಿಗ್ಗೆ ಹತ್ತು ಗಂಟೆ. ಇಲ್ಲಿ ಇಳಿದಿದ್ದು 11ರ ಬೆಳಗಿನ ಜಾವ ಮೂರೂ ಮುಕ್ಕಾಲು ಸುಮಾರಿಗೆ. ಹದಿನೇಳೂ ಮುಕ್ಕಾಲು ಗಂಟೆ. ಗಡಿಯಾರ ನೋಡಿದ್ರೆ ಮೂವತ್ತು ಗಂಟೆ ಮೇಲೆ ಅನ್ಸುತ್ತೆ. ಹೋಗೋವಾಗ ಇದರ ಉಲ್ಟಾ, ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿ ಇಳಿದ್ರೆ ಅಲ್ಲಿ ಅದೇ ದಿನ ಸಂಜೆ ಐದು. ಪೆಸಿಫಿಕ್ ಮಧ್ಯೆ ದಿನಾಂಕ ರೇಖೆ ದಾಟಿದಾಗ ತಾರೀಖು ಒಂದು ಹಿಂದಕ್ಕೆ ಹೋಗುತ್ತಲ್ಲ, ಹಾಗಾಗಿ ಹಾಗೆ ಹೋದವರಿಗೆ ಚಳಿಗಾಲದಲ್ಲಿ ಆ ದಿನ ಇಪ್ಪತ್ತನಾಲ್ಕು ಗಂಟೆ ಅಲ್ಲ, ಮೂವತ್ತೇಳೂವರೆ ಗಂಟೆ.

ನಮ್ಮ ಮನೆಯವರು ಏಕಾದಶಿ ಬಿಡೋರಲ್ಲ. ಒಂದು ಫೆಬ್ರವರಿ ನಾವಿಬ್ಬರೂ ಮಗಳ ಮನೆಗೆ ನೇರ ಫ್ಲೈಟಲ್ಲಿ ಹೊರಟ್ವಿ, ಟಿಕೆಟ್ ಬುಕ್ ಮಾಡೋವಾಗ ಪಂಚಾಂಗ ನೋಡಿರ್ಲಿಲ್ಲ, ಆವತ್ತೇ ಏಕಾದಶಿ. ನಾನು ಮೂವತ್ತೇಳೂವರೆ ಗಂಟೆ ಲೆಕ್ಕ ಹೇಳಿ ಹೆದರಿಸಿದೆ, ನೋಡು, ತಾರೀಖು ಮುಗಿಯೋವರೆಗೂ ಉಪವಾಸ ಅಂದ್ರೆ ಪ್ರಾಣ ಹೋಗುತ್ತೆ ಅಂತ. ಅವರು ತಲೆ ಕೆಡಿಸ್ಕೊಳ್ಳಲಿಲ್ಲ, ಡಬ್ಬಿಯಲ್ಲಿ ಚಿತ್ರಾನ್ನ ಕಲಸಿ ಬ್ಯಾಗಲ್ಲಿ ಇಟ್ಕೊಂಡ್ರು. ಮಧ್ಯಾಹ್ನ ಹೊರಟ ವಿಮಾನ ಪೂರ್ವಕ್ಕೆ ಹೋಗ್ತಾ ಇದ್ದಿದ್ರಿಂದ ಮೂರು ಗಂಟೆಯೊಳಗೆ ಕತ್ತಲಾಯ್ತು, ರಾತ್ರಿನೂ ಗಿಡ್ಡ. ಊಟದ ಟ್ರೇ ಬಂತು, ಬೇಡ ಅಂದ್ರು. ನಾನು ತಿಂದು ಮಲಗಿದೆ. ಎದ್ದಾಗ ಪೆಸಿಫಿಕ್ ಮೇಲಿದ್ವಿ, ಪರದೆ ಮೇಲೆ ತಾರೀಖು ನೋಡಿದ್ರೆ ಇನ್ನೂ ಏಕಾದಶಿದೇ. ಹೇಳಿದೆ. ಅವರು ಪರದೆ ಕಡೆ ನೋಡ್ಲೇ ಇಲ್ಲ, ಕಿಟಕಿ ಮುಚ್ಚಳ ಎತ್ತಿದ್ರು, ಮೋಡದ ಅಂಚಲ್ಲಿ ಕೆಂಪಗೆ ಸೂರ್ಯ ಬಂದಿದ್ದ, ಕೈ ಮುಗಿದು ಡಬ್ಬಿ ತೆಗೆದ್ರು.